ಹೆಲ್ ಲೆಟ್ ಲೂಸ್: ಐದಾರು ನಿಮಿಷ ಓಡುತ್ತೇನೆ, ಒಂದೇ ಗುಂಡಿಗೆ ಸಾಯುತ್ತೇನೆ. ಈ ಆಟ ಆಡುವುದು ಹೇಗೆ?

ಹೊಸ ಸಿಪಾಯಿ:

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಆಟಗಳೆಂದರೆ ನನಗೆ ಮೊದಲಿಂದಲೂ ಹುಚ್ಚು. ಇಲ್ಲಿಯವರೆಗೆ ಆಡಿದ್ದೆಲ್ಲ ಓಡು, ಹೊಡಿ, ಸತ್ತರೆ ಮೂರು ಸೆಕೆಂಡಿನಲ್ಲಿ ಎದ್ದು ಬಾ ಅನ್ನುವ ಜಾತಿಯವು. ಈಗ ಹೆಲ್ ಲೆಟ್ ಲೂಸ್ ಹಿಡಿದಿದ್ದೇನೆ. ನೋಡುವುದಕ್ಕೆ ಚೆನ್ನಾಗಿದೆ. ಸದ್ದಂತೂ ಮೈ ನಡುಗಿಸುತ್ತದೆ. ಆದರೆ ಆಟ ಕೈಗೆ ಹತ್ತುತ್ತಿಲ್ಲ.

ಆಗುವುದು ಹೀಗೆ. ಎಲ್ಲೋ ಹಿಂದೆ ಹೆಡ್‌ಕ್ವಾರ್ಟರ್ಸ್‌ನಲ್ಲಿ ಸ್ಪಾನ್ ಆಗುತ್ತೇನೆ, ಅಂದರೆ ಜೀವ ಬಂದು ಆಟಕ್ಕೆ ಇಳಿಯುತ್ತೇನೆ. ಒಂದು ಹೊಲ ದಾಟಿ, ಬೇಲಿ ದಾಟಿ, ಮತ್ತೊಂದು ಹೊಲ ದಾಟಿ ಓಡುತ್ತೇನೆ. ದಾರಿಯಲ್ಲಿ ಒಬ್ಬರೂ ಸಿಗುವುದಿಲ್ಲ. ಕೊನೆಗೆ ಗುಂಡಿನ ಸದ್ದು ಹತ್ತಿರವಾಯಿತು ಅನ್ನುವಷ್ಟರಲ್ಲಿ ಚಟ್ ಅಂತ ಒಂದು ಸದ್ದು, ಅಷ್ಟೇ, ಪರದೆ ಕಪ್ಪು. ಎಲ್ಲಿಂದ ಹೊಡೆದರು ಅಂತ ತೋರಿಸುವ ರೀಪ್ಲೇ ಇಲ್ಲ. ನಾನು ಹೊಡೆದ ಗುಂಡು ತಾಗಿತೋ ಇಲ್ಲವೋ ಅನ್ನುವುದಕ್ಕೂ ಗುರುತಿಲ್ಲ. ಪರದೆಯ ನಡುವೆ ಗುರಿ ಇಡಲು ಚುಕ್ಕಿಯೂ ಇಲ್ಲ. ಮ್ಯಾಗಜಿನ್‌ನಲ್ಲಿ ಎಷ್ಟು ಗುಂಡು ಉಳಿದಿದೆ ಅಂತ ನಾವೇ ಎಣಿಸಿಕೊಳ್ಳಬೇಕು. ಮತ್ತೆ ಹೆಡ್‌ಕ್ವಾರ್ಟರ್ಸ್, ಮತ್ತೆ ಅದೇ ಹೊಲ.

ಗುರಿ ಇಡುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ಬೇರೆ ಆಟಗಳಲ್ಲಿ ಸ್ಕೋರ್ ಪಟ್ಟಿಯ ಮೇಲ್ಗಡೆಯೇ ಇರುತ್ತೇನೆ. ಹಾಗಾದರೆ ಇಲ್ಲಿ ಬೇಕಾಗಿರುವುದು ಏನು? ಇಷ್ಟೊಂದು ರೋಲ್‌ಗಳಿವೆ, ಹೊಸಬ ಯಾವುದನ್ನು ತೆಗೆದುಕೊಳ್ಳಬೇಕು? ಬಿಟ್ಟುಬಿಡಲು ಮನಸ್ಸಿಲ್ಲ. ಆಡುವವರು ಯಾರಾದರೂ ಇದ್ದರೆ ಬಿಡಿಸಿ ಹೇಳಿ.

ಪೆಟ್ಟಿಗೆ ಹೊರುವವನು:

ನಿಮ್ಮ ಗುರಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಪ್ರಶ್ನೆ ಓದಿದಾಗ ನನಗೆ ಮುಖ್ಯ ಅನ್ನಿಸಿದ್ದು ಆ ಓಟ. ಹೆಡ್‌ಕ್ವಾರ್ಟರ್ಸ್‌ನಿಂದ ಅಷ್ಟು ದೂರ ಓಡಿ ಬರಬೇಕಾಯಿತು ಅಂದರೆ ನಿಮ್ಮ ಕಡೆಯವರು ಯಾರೂ ಗ್ಯಾರಿಸನ್, ಅಂದರೆ ಸತ್ತವರು ಮುಂದೆಯೇ ಎದ್ದು ಬರುವ ಜಾಗ, ಕಟ್ಟಿಲ್ಲ ಅಂತಲೇ ಅರ್ಥ. ಅಂಥ ಪಂದ್ಯವನ್ನು ಎಂಥ ಗುರಿಕಾರನೂ ಒಬ್ಬನೇ ಎತ್ತಿಹಿಡಿಯಲಾರ.

ನಾನು ಸಪೋರ್ಟ್ ರೋಲ್‌ನವನು. ಮಿಕ್ಕವರು ಮೆಷಿನ್ ಗನ್ ಹಿಡಿಯಲು ಮುಗಿಬೀಳುವಾಗ ನಾನು ಸಪ್ಲೈ ಪೆಟ್ಟಿಗೆ ಇರುವ ರೋಲ್ ಆರಿಸಿಕೊಳ್ಳುತ್ತೇನೆ. ಈ ಆಟ ನಿಂತಿರುವುದೇ ಆ ಪೆಟ್ಟಿಗೆಯ ಮೇಲೆ ಅಂತ ನನಗೆ ಗಟ್ಟಿ ನಂಬಿಕೆ. ಯಾಕೆ ಅಂತ ಹೇಳುತ್ತೇನೆ.

ಒಂದು ಕಡೆ 50 ಜನ, ಎದುರು 50 ಜನ. ಮ್ಯಾಪ್ ಸುಮಾರು ಎರಡು ಕಿಲೋಮೀಟರ್ ಉದ್ದ, ಐದು ಸಾಲು ಸೆಕ್ಟರ್, ಅಂದರೆ ಗೆದ್ದುಕೊಳ್ಳಬೇಕಾದ ನೆಲದ ಭಾಗಗಳು. ವಾರ್‌ಫೇರ್ ಮೋಡ್‌ನಲ್ಲಿ ಎರಡೆರಡು ಸಾಲು ಇಬ್ಬರ ಕೈಯಲ್ಲೂ ಇರುತ್ತದೆ, ನಡುವಿನದು ಯಾರದ್ದೂ ಅಲ್ಲ. ಒಂದೂವರೆ ಗಂಟೆಯ ಹೊತ್ತು ಅದಕ್ಕಾಗಿ ಜಗ್ಗಾಟ. ಇಷ್ಟು ದೊಡ್ಡ ಜಾಗದಲ್ಲಿ ಸತ್ತವನು ಎಷ್ಟು ಬೇಗ ಜಗಳದ ಜಾಗಕ್ಕೆ ವಾಪಸ್ ಬರುತ್ತಾನೆ ಅನ್ನುವುದೇ ಗೆಲುವು ಸೋಲು ತೀರ್ಮಾನಿಸುತ್ತದೆ. ಒಂದು ತಂಡದವರು ನೂರೈವತ್ತು ಮೀಟರ್ ಹಿಂದಿನಿಂದ ಎದ್ದು ಬರುತ್ತಿದ್ದಾರೆ, ಇನ್ನೊಂದು ತಂಡದವರು ಒಂದು ಕಿಲೋಮೀಟರ್ ಓಡಿ ಬರುತ್ತಿದ್ದಾರೆ ಅಂದುಕೊಳ್ಳಿ. ಯಾರು ಗೆಲ್ಲುತ್ತಾರೆ ಅಂತ ಕೇಳಬೇಕಾ?

ಮುಂದೆ ಎದ್ದು ಬರಲು ಎರಡು ದಾರಿ ಇವೆ. ಒಂದು ಔಟ್‌ಪೋಸ್ಟ್. ಅದನ್ನು ಸ್ಕ್ವಾಡ್‌ನ ಆಫೀಸರ್ ಇಡುತ್ತಾನೆ, ಅವನ ಸ್ಕ್ವಾಡ್‌ನ ಆರು ಜನಕ್ಕೆ ಮಾತ್ರ ಅದು. ಇನ್ನೊಂದು ಗ್ಯಾರಿಸನ್. ಅದು ಇಡೀ ತಂಡಕ್ಕೆ, ಅಂದರೆ 50 ಜನಕ್ಕೂ. ಆದರೆ ಗ್ಯಾರಿಸನ್ ಕಟ್ಟಲು ಸಪ್ಲೈ ಬೇಕು. ನಮ್ಮ ನೆಲದಲ್ಲಿ ಕಟ್ಟುವುದಾದರೆ 50. ಸಪೋರ್ಟ್ ರೋಲ್‌ನವನು ಇಳಿಸುವ ಒಂದು ಪೆಟ್ಟಿಗೆಯಲ್ಲಿ ಇರುವುದೂ 50. ಲೆಕ್ಕ ತಿಳಿಯಿತಲ್ವಾ? ಒಬ್ಬ ಆಫೀಸರ್, ಅವನ ಪಕ್ಕದಲ್ಲಿ ಒಬ್ಬ ಸಪೋರ್ಟ್, ಇಷ್ಟು ಸಿಕ್ಕರೆ ಇಡೀ ಸೈನ್ಯಕ್ಕೆ ಹೊಸ ಬಾಗಿಲು ತೆರೆದ ಹಾಗೆ.

ಇದು ಆಟದಲ್ಲಿ ಹೇಗೆ ಕಾಣುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಸೇಂಟ್ ಮರಿ ದು ಮಾಂಟ್ ಮ್ಯಾಪ್. ನಡುವಿನ ಸೆಕ್ಟರ್‌ಗೆ ನಮ್ಮವರು ನೇರವಾಗಿ ನುಗ್ಗಿ ನುಗ್ಗಿ ಸಾಯುತ್ತಿದ್ದರು. ನಮ್ಮ ಆಫೀಸರ್ 'ಎಡಗಡೆ ಬೇಲಿ ಹಿಡಿದು ಬನ್ನಿ, ಯಾರೂ ಗುಂಡು ಹಾರಿಸಬೇಡಿ' ಅಂದರು. ಫ್ರಾನ್ಸ್‌ನ ನಾರ್ಮಂಡಿಯ ಆ ಬೇಲಿಗಳನ್ನು ನೋಡಿದ್ದೀರಿ ಅಲ್ವಾ, ಮಣ್ಣಿನ ದಿಬ್ಬ, ಅದರ ಮೇಲೆ ಒತ್ತಾಗಿ ಬೆಳೆದ ಗಿಡ. ಬೋಕಾಜ್ ಅನ್ನುತ್ತಾರೆ. ನಿಜವಾದ ಯುದ್ಧದಲ್ಲಿ ಅಮೆರಿಕದ ಟ್ಯಾಂಕುಗಳಿಗೇ ಅವನ್ನು ದಾಟುವುದು ಕಷ್ಟವಾಗಿ, ಮುಂಭಾಗಕ್ಕೆ ಉಕ್ಕಿನ ಹಲ್ಲು ಬೆಸೆದು ಕಿತ್ತುಕೊಂಡು ಹೋಗಬೇಕಾಯಿತು. ಆ ದಿಬ್ಬದ ನೆರಳಲ್ಲಿ ಬಗ್ಗಿಕೊಂಡು ಹೋದೆವು. ಬಲಗಡೆ ಜರ್ಮನ್ನರ ಎಂಜಿ 42 ಮೆಷಿನ್ ಗನ್ ಹರಿದುಹಾಕುವ ಹಾಗೆ ಸದ್ದು ಮಾಡುತ್ತಿತ್ತು, ಅದು ನಮ್ಮ ಕಡೆ ತಿರುಗಿರಲಿಲ್ಲ. ಒಂದು ಹೊಲದ ಮೂಲೆಯಲ್ಲಿ ಪೆಟ್ಟಿಗೆ ಇಳಿಸಿದೆ. ಆಫೀಸರ್ ಕೈಗಡಿಯಾರ ತೆಗೆದರು, ಗ್ಯಾರಿಸನ್ ಇಡುವುದು ಅದರಿಂದಲೇ. ಮ್ಯಾಪ್ ಮೇಲೆ ಹೊಸ ಗುರುತು ಮೂಡಿತು. ಸ್ವಲ್ಪ ಹೊತ್ತಿಗೆ ನಮ್ಮ ಹಿಂದೆ ಒಬ್ಬ, ಇಬ್ಬರು, ಆಮೇಲೆ ಹತ್ತು ಹದಿನೈದು ಜನ. ಮೆಡಿಕ್, ಬಜೂಕಾ ಹೊತ್ತವನು, ನಾನು ಹೆಸರೂ ಕೇಳಿರದ ಬೇರೆ ಸ್ಕ್ವಾಡ್‌ನವರು. ಅವರೆಲ್ಲ ಆ ಬೇಲಿಯ ಸಂದಿನಿಂದ ಬಲಕ್ಕೆ ನುಗ್ಗಿದರು. ಎಂಜಿ 42 ಸದ್ದು ನಿಂತಿತು. ನಾನು ಒಂದು ಗುಂಡೂ ಹಾರಿಸಿರಲಿಲ್ಲ. ಅವತ್ತು ಆದ ಖುಷಿ ಯಾವ ಆಟದಲ್ಲಿ ಎಷ್ಟು ಜನರನ್ನು ಹೊಡೆದರೂ ಆಗಿಲ್ಲ.

ಆದ್ದರಿಂದ ನನ್ನ ಸಲಹೆ ಇದು. ಸಪೋರ್ಟ್ ತೆಗೆದುಕೊಳ್ಳಿ. ಮೈಕ್ ಇರುವ ಆಫೀಸರ್‌ನ ಬೆನ್ನು ಬಿಡಬೇಡಿ. 'ನನ್ನ ಹತ್ತಿರ ಸಪ್ಲೈ ಇದೆ, ಎಲ್ಲಿ ಇಳಿಸಲಿ?' ಅಂತ ಕೇಳಿ. ಈ ಒಂದು ಪ್ರಶ್ನೆ ಕೇಳುವ ಹೊಸಬನನ್ನು ಯಾವ ಆಫೀಸರ್ ಆದರೂ ಕಣ್ಣಿಗೆ ಒತ್ತಿಕೊಳ್ಳುತ್ತಾನೆ.

ಇನ್ನು ಸಾಯುವ ವಿಷಯ. ಹೊಲದ ನಡುವೆ ಓಡಬೇಡಿ. ದೂರವಾದರೂ ಬೇಲಿಯ ಅಂಚು ಹಿಡಿಯಿರಿ. ಐವತ್ತು ಮೀಟರ್‌ಗೆ ಒಮ್ಮೆ ನಿಂತು ನೋಡಿ. ಈ ಆಟದಲ್ಲಿ ಓಡುವವನೇ ಮೊದಲು ಕಣ್ಣಿಗೆ ಬೀಳುತ್ತಾನೆ. ಗುಂಡು ಪಕ್ಕದಲ್ಲಿ ಹಾದುಹೋದರೆ ಪರದೆ ಮಬ್ಬಾಗುತ್ತದೆ, ಆಗ ಸುಮ್ನೆ ತಿರುಗಿ ಹೊಡೆಯಲು ನಿಲ್ಲಬೇಡಿ, ಮೊದಲು ಮರೆಗೆ ಬೀಳಿ. ಇದೇ ಮಬ್ಬು ಎದುರಿನವನಿಗೂ ಆಗುತ್ತದೆ ಅನ್ನುವುದು ನೆನಪಿರಲಿ. ಅವನು ಇರುವ ಕಿಟಕಿಗೆ ಗುಂಡು ಹಾಕುತ್ತಾ ಇದ್ದರೆ ಸಾಕು, ಅವನು ಸಾಯದಿದ್ದರೂ ತಲೆ ಎತ್ತುವುದಿಲ್ಲ. ಅಷ್ಟರಲ್ಲಿ ನಿಮ್ಮವರು ರಸ್ತೆ ದಾಟಿರುತ್ತಾರೆ.

ಕಿವಿಗೆ ಕೆಲಸ:

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಸದ್ದಿನ ಬಗ್ಗೆ ಮಾತ್ರ ಸೇರಿಸುತ್ತೇನೆ, ಯಾಕೆಂದರೆ 'ಎಲ್ಲಿಂದ ಹೊಡೆದರು ಗೊತ್ತಾಗುವುದಿಲ್ಲ' ಅಂದಿದ್ದೀರಿ.

ಚಟ್ ಅಂತ ಕೇಳಿತು ಅಂದಿರಲ್ಲ, ಅದು ಬಂದೂಕಿನ ಸದ್ದಲ್ಲ. ಗುಂಡಿನ ಸದ್ದು. ಜರ್ಮನ್ನರ ಕಾರ್ 98ಕೆ ರೈಫಲ್‌ನಿಂದ ಗುಂಡು ಸೆಕೆಂಡಿಗೆ ಸುಮಾರು 760 ಮೀಟರ್ ವೇಗದಲ್ಲಿ ಹೊರಡುತ್ತದೆ. ಗಾಳಿಯಲ್ಲಿ ಸದ್ದು ಓಡುವುದು ಸೆಕೆಂಡಿಗೆ ಸುಮಾರು 340 ಮೀಟರ್. ಅಂದರೆ ಗುಂಡು ತನ್ನ ಬಂದೂಕಿನ ಸದ್ದಿಗಿಂತ ಮೊದಲೇ ನಿಮ್ಮನ್ನು ದಾಟಿ ಹೋಗುತ್ತದೆ. ದಾಟುವಾಗ ಗಾಳಿ ಸೀಳಿ ಚಟ್ ಅನ್ನುತ್ತದೆ. ಬಂದೂಕಿನ ದಢ್ ಆಮೇಲೆ ಬರುತ್ತದೆ. 200 ಮೀಟರ್ ದೂರದಿಂದ ಹೊಡೆದರೆ ಎರಡರ ನಡುವೆ ಸುಮಾರು ಕಾಲು ಸೆಕೆಂಡಿಗೂ ಸ್ವಲ್ಪ ಜಾಸ್ತಿ ಅಂತರ. ಮಿಂಚು ಗುಡುಗಿನ ಲೆಕ್ಕವೇ ಇದು. ಅಂತರ ಜಾಸ್ತಿಯಾದಷ್ಟೂ ಹೊಡೆದವನು ದೂರ ಇದ್ದಾನೆ.

ಚಟ್ ಸದ್ದನ್ನು ನಂಬಿ ತಿರುಗಿದರೆ ದಿಕ್ಕು ತಪ್ಪುತ್ತದೆ. ಅದು ಗುಂಡು ಹಾದುಹೋದ ಜಾಗದಿಂದ ಬರುತ್ತದೆ. ಹಿಂದೆ ಬರುವ ದಢ್ ಸದ್ದಿನ ಕಡೆ ಕಿವಿ ಇಡಿ, ಅದು ಬಂದೂಕು ಇರುವ ಕಡೆಯಿಂದಲೇ ಬರುತ್ತದೆ. ಸೈನಿಕರಿಗೂ ಇದನ್ನೇ ಕಲಿಸುತ್ತಾರೆ. ಆಟದಲ್ಲೂ ಕಿವಿಯ ಪಕ್ಕದ ಚಟ್ ಬೇರೆ, ದೂರದ ಬಂದೂಕು ಬೇರೆ ಅಂತ ಹೆಡ್‌ಫೋನ್ ಹಾಕಿದರೆ ಚೆನ್ನಾಗಿ ತಿಳಿಯುತ್ತದೆ. ಸ್ಪೀಕರ್‌ನಲ್ಲಿ ಈ ಆಟ ಆಡಲೇಬೇಡಿ. ಹಿನ್ನೆಲೆ ಸಂಗೀತದ ಸದ್ದು ಪೂರ್ತಿ ಇಳಿಸಿಬಿಡಿ.

ಬಂದೂಕುಗಳ ಗುರುತನ್ನೂ ಕಿವಿಯಿಂದಲೇ ಹಿಡಿಯಬಹುದು. ಎಂಜಿ 42 ನಿಮಿಷಕ್ಕೆ ಸುಮಾರು 1,200 ಗುಂಡು ಉಗುಳುವ ಯಂತ್ರ, ಒಂದೊಂದು ಗುಂಡು ಬೇರೆಯಾಗಿ ಕೇಳುವುದೇ ಇಲ್ಲ, ಬಟ್ಟೆ ಹರಿದಂತೆ ಒಂದೇ ಎಳೆ. ಅಮೆರಿಕನ್ನರ ಬ್ರೌನಿಂಗ್ ಮೆಷಿನ್ ಗನ್‌ಗೆ ಅದರ ಅರ್ಧದಷ್ಟೂ ವೇಗವಿಲ್ಲ, ಡಬ್ ಡಬ್ ಅಂತ ಎಣಿಸಬಹುದು. ಕಾರ್ 98ಕೆ ಒಂದು ಗುಂಡು, ಆಮೇಲೆ ಬೋಲ್ಟ್ ಎಳೆಯುವ ಹೊತ್ತು, ಆಮೇಲೆ ಇನ್ನೊಂದು. ಐದು ಗುಂಡಿಗೆ ಖಾಲಿ. ಅಮೆರಿಕನ್ನರ ಎಂ1 ಗ್ಯಾರಂಡ್ ರೈಫಲ್ ಸರಸರ ಎಂಟು ಗುಂಡು, ಕೊನೆಯಲ್ಲಿ ಕ್ಲಿಪ್ ಹಾರಿ ಟಿಂಗ್ ಅನ್ನುತ್ತದೆ. ಗುಂಡು ಎಣಿಸಲು ಅಂಕಿ ಇಲ್ಲ ಅಂದಿರಲ್ಲ, ಗ್ಯಾರಂಡ್ ಹಿಡಿದವರಿಗೆ ಆ ಟಿಂಗ್ ಸಾಕು.

ಹಳೇ ಪುಟ:

ನಾನು ಈ ಆಟ ಆಡಿದ್ದೇನೆ, ಚೆನ್ನಾಗಿದೆ ಅಂತ ಒಪ್ಪುತ್ತೇನೆ. ಆದರೆ ಇದನ್ನು 'ನಿಜವಾದ ಯುದ್ಧದ ಹಾಗೆ' ಅಂತ ಹೊಗಳುವುದನ್ನು ಕಂಡಾಗ ಸಂಕಟವಾಗುತ್ತದೆ. ಅದನ್ನು ಇಲ್ಲಿ ಹೇಳದೆ ಇರಲಾರೆ.

ಜರ್ಮನಿಯ ಹ್ಯುರ್ಟ್‌ಗನ್ ಕಾಡಿನ ಮ್ಯಾಪ್ ತೆಗೆದುಕೊಳ್ಳಿ. 1944ರ ಸೆಪ್ಟೆಂಬರ್‌ನಲ್ಲಿ ಶುರುವಾದ ಕಾಳಗ ಅದು. ಅಮೆರಿಕದ ಕಡೆಯೇ ಸತ್ತವರು, ಗಾಯಗೊಂಡವರು, ಕಾಣೆಯಾದವರು, ಕಾಯಿಲೆ ಬಿದ್ದವರು ಎಲ್ಲ ಸೇರಿ ಸುಮಾರು 33,000 ಜನ. ಜರ್ಮನ್ನರ ಶೆಲ್‌ಗಳು ನೆಲಕ್ಕೆ ಬೀಳುವ ಮೊದಲೇ ಮರದ ತುದಿಗೆ ತಾಗಿ ಸಿಡಿಯುತ್ತಿದ್ದವು. ಕಬ್ಬಿಣದ ಚೂರಿನ ಜೊತೆ ಮರದ ಸಿಬಿರೂ ಮೇಲಿಂದ ಸುರಿಯುತ್ತಿತ್ತು. ಶೆಲ್ ಬಂದಾಗ ಮಲಗಬೇಕು ಅಂತ ತರಬೇತಿಯಲ್ಲಿ ಕಲಿತಿದ್ದವರು ಅಲ್ಲಿ ಮಲಗಿದರೆ ಬೆನ್ನು ಪೂರ್ತಿ ಬಯಲಾಗುತ್ತಿತ್ತು. ಹಾಗಾಗಿ ಮರದ ಬೊಡ್ಡೆಗೆ ಅಂಟಿಕೊಂಡು ನಿಲ್ಲುವುದನ್ನು ಕಲಿತರು. ಒದ್ದೆ ಬೂಟಿನಲ್ಲಿ ಕಾಲು ಕೊಳೆಯುತ್ತಿತ್ತು. ಇದರಲ್ಲಿ ಯಾವುದು ಪರದೆಯ ಮೇಲೆ ಬರುತ್ತದೆ? ಆಟದಲ್ಲಿ ಶೆಲ್ ಬಿದ್ದರೆ ಮತ್ತೆ ಸ್ಪಾನ್ ಒತ್ತುತ್ತೇವೆ.

ಇನ್ನೊಂದು. ನಾರ್ಮಂಡಿಯ ಆ ಹಳ್ಳಿಗಳಲ್ಲಿ ಆಟದಲ್ಲಿ ಒಬ್ಬ ಊರಿನವನೂ ಇರುವುದಿಲ್ಲ. ಕರಾಂತಾಂ ಬೀದಿಯಲ್ಲಿ ಮನೆ ಮನೆಗೂ ಗ್ರೆನೇಡ್ ಎಸೆಯುತ್ತೇವೆ, ಎಲ್ಲ ಮನೆಯೂ ಖಾಲಿ. 1944ರ ಬೇಸಿಗೆಯಲ್ಲಿ ನಾರ್ಮಂಡಿಯಲ್ಲಿ ಸತ್ತ ಫ್ರೆಂಚ್ ನಾಗರಿಕರು ಸುಮಾರು 20,000. ಅವರನ್ನು ಪೂರ್ತಿ ಬಿಟ್ಟು ಕಟ್ಟಿದ ಊರನ್ನು ನಿಜ ಅನ್ನಲು ನನಗೆ ನಾಲಿಗೆ ಬರುವುದಿಲ್ಲ.

ಆಡಬೇಡಿ ಅನ್ನುತ್ತಿಲ್ಲ. ಆ ಒಂದು ಮಾತು ಬಳಸುವಾಗ ಸ್ವಲ್ಪ ಯೋಚಿಸಿ ಅಂತ ಕೇಳಿಕೊಳ್ಳುತ್ತಿದ್ದೇನೆ.

ಪೆಟ್ಟಿಗೆ ಹೊರುವವನು:

ಹಳೇ ಪುಟ ಅವರೇ, ನಾಗರಿಕರ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ಬಳಿ ಎದುರು ಮಾತಿಲ್ಲ. ಖಾಲಿ ಮನೆಗಳು ನನ್ನನ್ನೂ ಚುಚ್ಚುತ್ತವೆ. ಒಂದು ಮನೆಯ ಅಡುಗೆಕೋಣೆಯಲ್ಲಿ ಮೇಜಿನ ಮೇಲೆ ಪಾತ್ರೆ ಹಾಗೇ ಇಟ್ಟಿದ್ದು ಕಂಡಾಗ ಇಲ್ಲಿದ್ದವರು ಎಲ್ಲಿ ಹೋದರು ಅನ್ನಿಸುತ್ತದೆ. ನೋವು, ಚಳಿ, ಹೆದರಿಕೆ, ಇವು ಯಾವ ಆಟದಲ್ಲೂ ಬರುವುದಿಲ್ಲ, ಬರಬೇಕು ಅಂತ ಕೇಳುವುದೂ ಸರಿಯಲ್ಲ.

ಆದರೆ ಒಂದು ವಿಷಯ ಈ ಆಟ ಚೆನ್ನಾಗಿ ಹಿಡಿದಿದೆ: ನೆಲ. ಮಾಡಿದವರು ಬ್ಲ್ಯಾಕ್ ಮ್ಯಾಟರ್ ಅನ್ನುವ ಆಸ್ಟ್ರೇಲಿಯಾದ ತಂಡ. ಯುದ್ಧಕಾಲದಲ್ಲಿ ವಿಮಾನದಿಂದ ತೆಗೆದ ಫೋಟೋಗಳನ್ನು ಇಟ್ಟುಕೊಂಡು ಮ್ಯಾಪ್‌ಗಳನ್ನು ಕಟ್ಟಿದ್ದಾರೆ. ನಾರ್ಮಂಡಿಯಲ್ಲಿ ಸೈನ್ಯ ಇಳಿದ ದಿನಕ್ಕೆ 75 ವರ್ಷ ತುಂಬಿದ 2019ರ ಜೂನ್ 6ಕ್ಕೇ ಆಟವನ್ನು ಮೊದಲು ಹೊರಗೆ ಬಿಟ್ಟರು, ಪೂರ್ತಿ ಬಿಡುಗಡೆ 2021ರ ಜುಲೈನಲ್ಲಿ.

ನೆಲ ಅಂದರೆ ಏನು ಅಂತ ಪರ್ಪಲ್ ಹಾರ್ಟ್ ಲೇನ್ ಮ್ಯಾಪ್‌ನಲ್ಲಿ ನೋಡಿ. ಕರಾಂತಾಂ ಪಟ್ಟಣಕ್ಕೆ ಉತ್ತರದಿಂದ ಹೋಗುವ ಏರಿ ರಸ್ತೆ ಅದು. ಜರ್ಮನ್ನರು ಜೌಗಿಗೆ ನೀರು ನುಗ್ಗಿಸಿದ್ದರು. ರಸ್ತೆಯ ಎರಡೂ ಕಡೆ ಕೆಸರು ನೀರು, ದಾರಿಯಲ್ಲಿ ನಾಲ್ಕು ಸೇತುವೆ. ಆಚೆ ತುದಿಯಲ್ಲಿ ಮೆಷಿನ್ ಗನ್. ಅಮೆರಿಕದ ಪ್ಯಾರಾಚೂಟ್ ಪಡೆಯಾದ 101ನೇ ಏರ್‌ಬೋರ್ನ್‌ನ ಒಂದು ಬೆಟಾಲಿಯನ್ 1944ರ ಜೂನ್ 10ರಂದು ಆ ರಸ್ತೆಯ ಮೇಲೆ ತೆವಳುತ್ತಾ ಹೋಯಿತು. ಮರುದಿನ ಬೆಳಗ್ಗೆ ಅವರ ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ರಾಬರ್ಟ್ ಕೋಲ್ ಹೊಗೆ ಶೆಲ್ ಹಾಕಿಸಿ, ಬಂದೂಕಿಗೆ ಬಯೊನೆಟ್ ಸಿಕ್ಕಿಸಲು ಹೇಳಿ, ತಾವೇ ಮುಂದೆ ಓಡಿದರು. ಅದಕ್ಕೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಮೆಡಲ್ ಆಫ್ ಆನರ್ ಬಂತು, ಆದರೆ ಪಡೆಯಲು ಅವರು ಉಳಿದಿರಲಿಲ್ಲ. ಸೆಪ್ಟೆಂಬರ್ 18ರಂದು ನೆದರ್‌ಲ್ಯಾಂಡ್ಸ್‌ನ ಬೆಸ್ಟ್ ಎಂಬಲ್ಲಿ ಗುಂಡೇಟಿಗೆ ಬಲಿಯಾದರು.

ಇದನ್ನು ನಾನು ಮೊದಲೇ ಓದಿದ್ದೆ. 'ಯಾಕೆ ಎಲ್ಲರೂ ರಸ್ತೆಯ ಮೇಲೇ ಹೋದರು, ಪಕ್ಕದಿಂದ ಸುತ್ತಿ ಬರಬಹುದಿತ್ತಲ್ಲ' ಅನ್ನುವ ಪ್ರಶ್ನೆ ಉಳಿದಿತ್ತು. ಆಟದಲ್ಲಿ ಆ ಜೌಗಿಗೆ ಇಳಿದು ನೋಡಿ. ಮರೆ ಅನ್ನುವುದೇ ಇಲ್ಲ. ನೀರಲ್ಲಿ ಕಾಲು ಎಳೆದುಕೊಂಡು ಹೋಗುವ ನೀವು ಆಚೆ ದಡದವನಿಗೆ ಪೂರ್ತಿ ಕಾಣುತ್ತೀರಿ. ರಸ್ತೆಯ ಬದಿಯ ಇಳಿಜಾರಿನ ಎರಡು ಅಡಿ ಮಣ್ಣೇ ಜೀವ ಉಳಿಸುವ ಜಾಗ. ಅದನ್ನು ಬಿಟ್ಟು ಹೊರಡಲು ಆ ಜನಕ್ಕೆ ಎಷ್ಟು ಧೈರ್ಯ ಬೇಕಿತ್ತು ಅಂತ ಅಲ್ಲಿ ಮಲಗಿದಾಗ ಒಂದು ಅಂದಾಜು ಸಿಕ್ಕಿತು. ಅಂದಾಜು ಮಾತ್ರ. ಅಷ್ಟಕ್ಕೂ ನಾನು ಕೃತಜ್ಞ.

ಹೊಸ ಸಿಪಾಯಿ:

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಸಪೋರ್ಟ್ ತೆಗೆದುಕೊಂಡು ಆಡಿದೆ. ಹೆಡ್‌ಫೋನ್ ಕೂಡ ಹಾಕಿದೆ. ಚಟ್, ಆಮೇಲೆ ದಢ್, ನಿಜವಾಗಿಯೂ ಬೇರೆ ಬೇರೆ ಕೇಳುತ್ತದೆ! ಒಬ್ಬನನ್ನು ಚರ್ಚ್ ಕಿಟಕಿಯಲ್ಲಿ ಹಾಗೇ ಪತ್ತೆ ಮಾಡಿದೆ.

ಆದರೆ ಎರಡು ತೊಡಕು. ಒಂದು, ನಾನು ಸೇರಿದ ಸ್ಕ್ವಾಡ್‌ನ ಆಫೀಸರ್ ಮಾತೇ ಆಡಲಿಲ್ಲ. 'ಸಪ್ಲೈ ಎಲ್ಲಿ ಇಳಿಸಲಿ' ಅಂತ ಕೇಳಿ ಕೇಳಿ ಸಾಕಾಯಿತು. ಎರಡು, ಗೊತ್ತಿಲ್ಲದವರ ಮುಂದೆ ಮೈಕ್‌ನಲ್ಲಿ ಏನು ಹೇಳಬೇಕು ಅಂತಲೇ ತಿಳಿಯುವುದಿಲ್ಲ. 'ಅಲ್ಲಿ ಇದ್ದಾನೆ, ಅಲ್ಲಿ' ಅಂದರೆ ಯಾರಿಗೂ ಅರ್ಥ ಆಗುವುದಿಲ್ಲ. ಇನ್ನು ಗ್ಯಾರಿಸನ್ ಕಟ್ಟಿದರೂ ಕೆಲವು ಸಲ ಅಲ್ಲಿ ಸ್ಪಾನ್ ಆಗಲು ಬಿಡುವುದಿಲ್ಲ, ಅದು ಯಾಕೆ?

ಪೆಟ್ಟಿಗೆ ಹೊರುವವನು:

ಚರ್ಚ್ ಕಿಟಕಿಯವನನ್ನು ಹಿಡಿದಿರಿ ಅಂದರೆ ನೀವು ದಾರಿಗೆ ಬಂದಿದ್ದೀರಿ.

ಮಾತಾಡದ ಆಫೀಸರ್‌ನ ಸ್ಕ್ವಾಡ್‌ನಲ್ಲಿ ಇರಬೇಡಿ. ಇದರಲ್ಲಿ ದಾಕ್ಷಿಣ್ಯ ಬೇಡ. ಸೇರಿದ ಕೂಡಲೇ ಒಂದು ನಮಸ್ಕಾರ ಹೇಳಿ, ಏನು ಪ್ಲಾನ್ ಅಂತ ಕೇಳಿ. ಒಂದು ನಿಮಿಷದಲ್ಲಿ ಉತ್ತರ ಬರದಿದ್ದರೆ ಬೇರೆ ಸ್ಕ್ವಾಡ್‌ಗೆ ಹೋಗಿ. ಆಫೀಸರ್‌ಗೆ ಮಾತ್ರ ಕಮಾಂಡ್ ಚಾನೆಲ್ ಕೇಳಿಸುತ್ತದೆ. ಬೇರೆ ಸ್ಕ್ವಾಡ್‌ನ ಆಫೀಸರ್‌ಗಳೂ ಕಮಾಂಡರ್ ಕೂಡ ಅಲ್ಲಿಯೇ ಮಾತಾಡುವುದು. ಅವನು ಬಾಯಿ ಮುಚ್ಚಿಕೊಂಡಿದ್ದರೆ ಆ ಆರು ಜನ ಮಿಕ್ಕ ತಂಡದಿಂದ ಕಡಿದುಹೋದ ಹಾಗೆ. ಬೇರೆ ಒಳ್ಳೆಯ ಸ್ಕ್ವಾಡ್ ಸಿಗದಿದ್ದರೆ ಸರ್ವರ್ ಬದಲಿಸಿ. ಸಮುದಾಯದವರು ನಡೆಸುವ ಸರ್ವರ್‌ಗಳಲ್ಲಿ ಆಫೀಸರ್‌ಗೆ ಮೈಕ್ ಇರಲೇಬೇಕು ಅಂತ ನಿಯಮ ಹಾಕಿರುತ್ತಾರೆ, ಅಂಥವನ್ನು ಹುಡುಕಿ.

ಮೈಕ್‌ನಲ್ಲಿ ಹೇಳುವುದು ತುಂಬಾ ಕಡಿಮೆ ಇರಬೇಕು. ಪರದೆಯ ಕೆಳಗೆ ದಿಕ್ಸೂಚಿ ಇದೆ, ಅದರ ಅಂಕಿ ಓದಿ. 'ದಿಕ್ಕು 45, ಕೆಂಪು ಚಾವಣಿ ಮನೆ, ಮೇಲಿನ ಎಡ ಕಿಟಕಿ, ಮೆಷಿನ್ ಗನ್.' ಮುಗಿಯಿತು. ಆದರೆ ದಿಕ್ಕಿನ ಅಂಕಿ ನಿಮ್ಮ ಪಕ್ಕದಲ್ಲಿ ಇರುವವರಿಗೆ ಮಾತ್ರ ಉಪಯೋಗ. ದೂರ ಇರುವವರಿಗೆ ಮ್ಯಾಪ್ ಚೌಕದ ಹೆಸರು ಹೇಳಬೇಕು. ಮ್ಯಾಪ್‌ನಲ್ಲಿ ಅಕ್ಷರ ಒಂದು ಕಡೆ, ಅಂಕಿ ಇನ್ನೊಂದು ಕಡೆ. ಒಂದೊಂದು ಚೌಕದ ಒಳಗೆ ಒಂಬತ್ತು ಸಣ್ಣ ಚೌಕ, ಕೀಬೋರ್ಡ್‌ನ ನಂಬರ್ ಪ್ಯಾಡ್ ಇದ್ದ ಹಾಗೇ. 'ಇ 5, ಕೀಪ್ಯಾಡ್ 7' ಅಂದರೆ ಇ 5 ಚೌಕದ ಮೇಲಿನ ಎಡ ಮೂಲೆ. ಮೊದಲು ತಡವರಿಸಿದರೂ ಪರವಾಗಿಲ್ಲ, ಯಾರೂ ಬೈಯುವುದಿಲ್ಲ. ಒಂದು ವಿನಂತಿ: ಸತ್ತ ಮೇಲೆ ಬೇಜಾರಿಗೆ ಮೈಕ್‌ನಲ್ಲಿ ಕೂಗಾಡಬೇಡಿ. ಅದೇ ಹೊತ್ತಿನಲ್ಲಿ ಇನ್ನೊಬ್ಬ ಹೆಜ್ಜೆ ಸದ್ದು ಕೇಳಲು ಉಸಿರು ಬಿಗಿಹಿಡಿದು ಕೂತಿರುತ್ತಾನೆ.

ಗ್ಯಾರಿಸನ್ ಬೀಗ ಬೀಳುವುದು ಶತ್ರು ಹತ್ತಿರ ಬಂದಾಗ. ಅದಕ್ಕೇ ಸ್ಟ್ರಾಂಗ್ ಪಾಯಿಂಟ್‌ನ, ಅಂದರೆ ಸೆಕ್ಟರ್ ಗೆಲ್ಲಲು ಹಿಡಿಯಬೇಕಾದ ಜಾಗದ ಒಳಗೆ ಕಟ್ಟಿದ ಗ್ಯಾರಿಸನ್ ಸರಿಯಾಗಿ ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಅಲ್ಲಿ ಜಗಳ ಶುರುವಾದ ಕೂಡಲೇ ಅದು ಸತ್ತ ಹಾಗೆ. ಅದರಿಂದ ಒಂದು ಚೌಕ ಹಿಂದೆ ಇನ್ನೊಂದು, ಎಡಕ್ಕೋ ಬಲಕ್ಕೋ ಮತ್ತೊಂದು ಇರಲೇಬೇಕು. ಎರಡು ಗ್ಯಾರಿಸನ್‌ಗಳ ನಡುವೆ 200 ಮೀಟರ್ ಅಂತರ ಇರಬೇಕು ಅಂತ ಆಟದ ನಿಯಮವೇ ಇದೆ. ಮ್ಯಾಪ್‌ನ ಒಂದು ದೊಡ್ಡ ಚೌಕದ ಅಗಲವೂ 200 ಮೀಟರ್. ಹಾಗಾಗಿ ಚೌಕ ಎಣಿಸಿದರೆ ಸಾಕು. ಮುಂದಿನ ಸಾಲು ಗೆದ್ದ ಖುಷಿಯಲ್ಲಿ ಎಲ್ಲರೂ ಮುಂದೆ ಓಡುತ್ತಾರಲ್ಲ, ಆಗಲೇ ನೀವು ಪೆಟ್ಟಿಗೆ ಇಳಿಸಿ ಹಿಂದೆ ಒಂದು ಕಟ್ಟಿಸಿ. ಇನ್ನು ಸ್ವಲ್ಪ ಹೊತ್ತಿಗೆ ಎದುರಾಳಿ ತಿರುಗಿ ಬೀಳುತ್ತಾನೆ, ಆಗ ಉಳಿಯುವುದು ಅದೊಂದೇ.

ನೆಲಕ್ಕೆ ಬಿದ್ದಾಗ ಕೂಡಲೇ ಸ್ಪಾನ್ ಒತ್ತಬೇಡಿ ಅಂತ ಮರೆಯದೆ ಹೇಳಬೇಕಿತ್ತು. ಈ ಆಟದಲ್ಲಿ ಎಬ್ಬಿಸಲು ಮೆಡಿಕ್‌ಗೆ ಮಾತ್ರ ಆಗುತ್ತದೆ. ಬಿದ್ದ ಮೇಲೂ ನಿಮ್ಮ ಧ್ವನಿ ಹತ್ತಿರದವರಿಗೆ ಕೇಳುತ್ತದೆ. 'ಮೆಡಿಕ್, ಗೋಡೆಯ ಈಚೆ ಬಿದ್ದಿದ್ದೇನೆ, ಹೊಡೆದವನು ರಸ್ತೆಯಾಚೆ ಇದ್ದಾನೆ, ಬರುವಾಗ ಬಗ್ಗಿ ಬನ್ನಿ' ಅನ್ನಿ. ಹತ್ತಿರ ಮೆಡಿಕ್ ಇಲ್ಲ ಅಂತ ಖಾತ್ರಿಯಾದರೆ ಮಾತ್ರ ಒತ್ತಿ.